ಹಿಂದಿನ ಎಡ ಸೀಟು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಕಥೆಗಾರನಲ್ಲ. ಹಳೆಯ ಕಾರು ಕೊಳ್ಳುವವರ ಪರವಾಗಿ ಹೋಗಿ, ಕಾರನ್ನು ನೋಡಿ, ಅದರ ಸ್ಥಿತಿಗತಿಯ ವರದಿ ಬರೆದುಕೊಡುವುದು ನನ್ನ ಕೆಲಸ. ಹಗಲು ಗ್ಯಾರೇಜಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಕಲಿತವನು. ವಾಕ್ಯ ಸ್ವಲ್ಪ ಉದ್ದವಾದರೂ ಅದರ ಕೊನೆ ಎಲ್ಲಿ ಹೋಯಿತೆಂದು ಹುಡುಕುವ ಪೈಕಿ. ಆದರೆ ವರದಿಯಲ್ಲಿ ಬರೆಯಬೇಕಾಗಿದ್ದ ಒಂದು ಸಾಲನ್ನು ನಾನು ಬರೆಯಲಿಲ್ಲ, ಅದರಿಂದ ನನ್ನ ಅಕ್ಕನಿಗೆ ತೊಂದರೆಯಾಯಿತು. ಅದನ್ನು ಎಲ್ಲಾದರೂ ಸರಿಯಾಗಿ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ನನ್ನ ಕೆಲಸದ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹತ್ತಿರ ನೂರ ಹನ್ನೆರಡು ಅಂಶಗಳ ಒಂದು ಪಟ್ಟಿ ಇದೆ. ಮುಂದಿನ ಬಂಪರಿನಿಂದ ಶುರುವಾಗಿ ಡಿಕ್ಕಿಯ ಬೀಗಕ್ಕೆ ಮುಗಿಯುತ್ತದೆ. ಕೈಗೆ ಗ್ರೀಸು, ತುಕ್ಕು ಮೆತ್ತಿರುವುದರಿಂದ ನಿಂತಲ್ಲೇ ಬರೆದುಕೊಳ್ಳಲು ಆಗುವುದಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ರೆಕಾರ್ಡರ್ ಹಾಕಿಕೊಂಡು, ಕಂಡದ್ದನ್ನು ಕಂಡ ಹಾಗೆ ಬಾಯಲ್ಲಿ ಹೇಳುತ್ತಾ ಕಾರಿನ ಸುತ್ತ ಬರುತ್ತೇನೆ. ಇನ್ನೊಂದು ಕೈಯಲ್ಲಿ ಫೋನು, ಪ್ರತಿ ಅಂಶಕ್ಕೂ ಒಂದು ಫೋಟೋ. ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ರೆಕಾರ್ಡು ಕೇಳುತ್ತಾ ಟೈಪ್ ಮಾಡುತ್ತೇನೆ. ನೆನಪಿನಿಂದ ಒಂದು ಅಕ್ಷರವನ್ನೂ ಸೇರಿಸಬಾರದು, ರೆಕಾರ್ಡಿನಲ್ಲಿರುವ ಒಂದು ಅಕ್ಷರವನ್ನೂ ಬಿಡಬಾರದು. ಇದು ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು. ಶುರುವಿನ ದಿನಗಳಲ್ಲಿ ಒಮ್ಮೆ ನೆನಪಿನಿಂದ ‘ಟೈರು ನಾಲ್ಕೂ ಹೊಸವು’ ಎಂದು ಬರೆದಿದ್ದೆ. ಮೂರು ಮಾತ್ರ ಹೊಸವಾಗಿದ್ದವು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಒಂದು ಟೈರಿನ ಯೋಚನೆಯಲ್ಲಿ ನಾನು ತಿಂಗಳುಗಟ್ಟಲೆ ಸೊರಗಿದೆ.

ಈ ಕಾರು ಬೇಕಾಗಿದ್ದದ್ದು ನಮ್ಮ ಭಾವನಿಗೆ. ಹಾಗೆ ಹೇಳಿದರೆ ಅರ್ಧ ಸತ್ಯ. ಬೇಕಾಗಿದ್ದದ್ದು ಅಕ್ಕನಿಗೆ. ಸೊಂಟದ ಆಪರೇಷನ್ ಆದಮೇಲೆ ಅವಳ ಬಲಗಾಲು ಪೂರ್ತಿ ಮಡಚುವುದಿಲ್ಲ. ಅವರ ಪುಟ್ಟ ಕಾರಿನ ಹಿಂದಿನ ಎಡ ಸೀಟಿನಲ್ಲಿ ಕೂತು, ಕಾಲನ್ನು ಮಧ್ಯದ ಕಡೆಗೆ ಓರೆಯಾಗಿ ಚಾಚಿಕೊಳ್ಳುತ್ತಿದ್ದಳು. ಎಷ್ಟು ಚಾಚಿದರೂ ಮುಂದಿನ ಸೀಟು ಮೊಣಕಾಲಿಗೆ ತಾಗುತ್ತಿತ್ತು. ವಾರಕ್ಕೆರಡು ಸಲ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ, ಅಲ್ಲಿ ಸಡಿಲವಾದ ಕಾಲು ದಾರಿಯಲ್ಲೇ ಮತ್ತೆ ಬಿಗಿಯಾಗುತ್ತಿತ್ತು. ವೈದ್ಯರು ಸ್ಪಷ್ಟವಾಗಿ ಹೇಳಿದ್ದರು: ಈ ಆರು ತಿಂಗಳಲ್ಲಿ ಕಾಲು ಸಡಿಲವಾಗದಿದ್ದರೆ ಆಮೇಲೆ ಊರುಗೋಲು ಬಿಡುವ ಆಸೆ ಬಿಡಿ.

ಭಾವನಿಗೆ ಹಳೆಯ ದೊಡ್ಡ ಕಾರುಗಳ ಹುಚ್ಚು ಮೊದಲಿನಿಂದಲೂ ಇತ್ತು. ಈಗ ಅದಕ್ಕೊಂದು ಒಳ್ಳೆಯ ಕಾರಣವೂ ಸಿಕ್ಕಿತು. ಆನ್‌ಲೈನ್ ಹರಾಜಿನ ಒಂದು ಜಾಲತಾಣದಲ್ಲಿ ಮೂವತ್ತೆಂಟು ವರ್ಷ ಹಳೆಯ, ಕಡು ಹಸಿರು ಬಣ್ಣದ ಉದ್ದನೆಯ ಸೆಡಾನ್ ಕಂಡಿತು. ಹಿಂದೆ ಸೋಫಾದಂಥ ಸೀಟು, ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಜಾಗ.

“ಲೇ ಬಾಮೈದ, ಊರಿನವರಿಗೆಲ್ಲ ವರದಿ ಬರೀತೀಯ. ಸ್ವಂತ ಅಕ್ಕನಿಗೆ ಒಂದು ಬರಿ” ಎಂದರು ಭಾವ ಫೋನಿನಲ್ಲಿ. “ಬುಧವಾರ ಮಧ್ಯಾಹ್ನ ಮೂರಕ್ಕೆ ಹರಾಜು ಮುಗಿಯುತ್ತೆ. ನಿನ್ನ ಇನ್ಸ್‌ಪೆಕ್ಟರ್ ಗತ್ತೆಲ್ಲ ಅಷ್ಟರೊಳಗೆ ಮುಗಿಸಬೇಕು.”

ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು. “ಅವನು ಹೂಂ ಅಂದ್ರೆ ತಗೊಳ್ಳಿ. ಇಲ್ಲಾಂದ್ರೆ ಬೇಡ. ನಿಮ್ಮ ಕಣ್ಣಿಗೆ ಹೊಳೆಯೋದೆಲ್ಲ ಚಿನ್ನ.”

ಮಂಗಳವಾರ ಬಸ್ಸಿನಲ್ಲಿ ಮೂರು ಗಂಟೆ ದಾರಿ ಹೋಗಿ ಹರಾಜು ಕಂಪನಿಯ ಶೆಡ್ ಮುಟ್ಟಿದೆ. ತಗಡಿನ ಮಾಡಿನ ದೊಡ್ಡ ಶೆಡ್ಡು, ಒಳಗೆ ನಲವತ್ತರಷ್ಟು ಕಾರುಗಳು. ಮೇಲಿನ ಗಾಜಿನ ಹಾಳೆಗಳಿಂದ ಬಿಸಿಲು ಚೌಕ ಚೌಕವಾಗಿ ಬಿದ್ದಿತ್ತು. ಕಾವಲುಗಾರ ಕೀಲಿ ಗೊಂಚಲು ಹಿಡಿದು ಬಂದ.

“ಹಸಿರು ಗಾಡೀನಾ ಸಾರ್? ಆ ಮೂಲೇಲಿದೆ. ಸೈಲೆಂಟ್ ಗಾಡಿ. ಪಕ್ಕದ ಕೆಂಪು ಗಾಡಿ ಅಲಾರಂ ದಿನಾ ಬಡ್ಕೊಳುತ್ತೆ. ಇದರದ್ದೇನೂ ತಕರಾರಿಲ್ಲ.”

“ಮಾಲೀಕರು ಯಾರು?”

“ಕಂಪನಿಗೇ ಮಾರಿಬಿಟ್ಟಿದಾರಂತೆ. ಯಾರು ಏನು ಅಂತ ನನಗೆ ಗೊತ್ತಿಲ್ಲ. ನಾನು ಬೀಗ ತೆಗೆಯೋನು, ಅಷ್ಟೇ.”

ಅವನು ಬಾಗಿಲ ಹತ್ತಿರದ ಕುರ್ಚಿಗೆ ಮರಳಿದ. ನಾನು ಕೆಲಸ ಶುರು ಮಾಡಿದೆ. ಕಾರು ನಿಜಕ್ಕೂ ಚೆನ್ನಾಗಿತ್ತು. ಅಯಸ್ಕಾಂತ ಇಟ್ಟು ನೋಡಿದರೆ ಬಾಗಿಲುಗಳಲ್ಲೆಲ್ಲೂ ತಗ್ಗು ಮುಚ್ಚಲು ಪುಟ್ಟಿ ತುಂಬಿರಲಿಲ್ಲ. ಕಾರ್ಪೆಟ್ ಎತ್ತಿ ನೋಡಿದರೆ ನೆಲದ ತಗಡು ಗಟ್ಟಿ. ಎಂಜಿನ್ ಎರಡನೇ ಕೀಲಿಗೇ ಹತ್ತಿಕೊಂಡು, ಊಟ ಮಾಡಿದವರ ಹಾಗೆ ತೃಪ್ತಿಯಿಂದ ಗುರುಗುಟ್ಟಿತು. ಒಂದೂವರೆ ಗಂಟೆಯಲ್ಲಿ ನೂರ ಹನ್ನೆರಡೂ ಮುಗಿಯಿತು. ಕೀಲಿ ಕೊಟ್ಟು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಕ್ಕ ಕಾಲು ಚಾಚಿ ಕೂತಿರುವುದನ್ನೇ ಊಹಿಸಿಕೊಂಡು ಬಂದೆ. ಆ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟೇ, ವಿಚಿತ್ರವಾದದ್ದು ಒಂದೂ ಇಲ್ಲ.

ಬುಧವಾರ ಬೆಳಿಗ್ಗೆ ಟೈಪ್ ಮಾಡಲು ಕೂತೆ. ಹೆಂಡತಿ ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದಳು. ರೆಕಾರ್ಡಿನಲ್ಲಿ ನನ್ನ ಧ್ವನಿ ಎಂದಿನಂತೆ ಬೇಸರ ಹುಟ್ಟಿಸುವ ಹಾಗೆ ಸಾಗಿತ್ತು.

“ಎಪ್ಪತ್ತೆರಡು. ಮುಂದಿನ ಎಡ ಸೀಟು. ಚರ್ಮ ಒಣಗಿದೆ. ಅಂಚಿನಲ್ಲಿ ಎರಡು ಬೆರಳಗಲ ಬಿರುಕು. ಎಪ್ಪತ್ತಮೂರು. ಹಿಂದಿನ ಬಲ ಸೀಟು. ಚರ್ಮ ಮೆದುವಾಗಿದೆ. ಹೊಲಿಗೆ ಎರಡು ಕಡೆ ಬಿಟ್ಟಿದೆ. ಎಪ್ಪತ್ತನಾಲ್ಕು. ಹಿಂದಿನ ಎಡ ಸೀಟು. ಒಬ್ಬರು ಕೂತಿದ್ದಾರೆ. ಚರ್ಮ ನೋಡಲಾಗಲಿಲ್ಲ. ಎಪ್ಪತ್ತೈದು. ಚಾವಣಿಯ ಬಟ್ಟೆ. ಹಿಂದುಗಡೆ ಸ್ವಲ್ಪ ಜೋತುಬಿದ್ದಿದೆ.”

ಕಿವಿಗೆ ಬಿದ್ದದ್ದನ್ನು ಬೆರಳು ಟೈಪ್ ಮಾಡಿಬಿಟ್ಟಿತ್ತು. ಪರದೆಯ ಮೇಲೆ ಓದಿದ ಮೇಲೆಯೇ ನಾನು ನಿಲ್ಲಿಸಿದ್ದು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಇನ್ನೊಮ್ಮೆ ಕೇಳಿದೆ. ಧ್ವನಿಯಲ್ಲಿ ಗಾಬರಿಯಿಲ್ಲ, ತಡವರಿಕೆಯಿಲ್ಲ. ಗಾಜು ಗೀಚಿದೆ, ಬಲ್ಬು ಉರಿಯುತ್ತಿಲ್ಲ ಎನ್ನುವ ಅದೇ ರಾಗ.

“ಇದು ಯಾರ ಧ್ವನಿ, ನೋಡು” ಎಂದು ಹೆಂಡತಿಗೆ ಕೇಳಿಸಿದೆ.

“ನಿಮ್ಮದೇ ರೀ. ಇಷ್ಟು ಚೆನ್ನಾಗಿ ನಿದ್ದೆ ಬರಿಸೋ ಧ್ವನಿ ಇನ್ಯಾರದ್ದು?” ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಯಾರು ಕೂತಿದ್ರು?”

“ಯಾರೂ ಇರಲಿಲ್ಲ.”

“ಕಾವಲುಗಾರ ಕೂತಿದ್ನೇನೋ.”

“ಅವನು ಬಾಗಿಲ ಹತ್ತಿರ ಇದ್ದ.”

ಫೋಟೋಗಳನ್ನು ತೆರೆದೆ. ಎಪ್ಪತ್ತಮೂರನೆಯದು ಹಿಂದಿನ ಬಲ ಸೀಟು, ಬಿಟ್ಟ ಹೊಲಿಗೆ ಕಾಣುವಂತೆ. ಮುಂದಿನದು ಚಾವಣಿಯ ಬಟ್ಟೆ. ನಡುವೆ ಏನೂ ಇಲ್ಲ. ಹರಾಜಿನ ಪುಟದಲ್ಲಿ ಕಂಪನಿಯವರು ಹಾಕಿದ್ದ ತೊಂಬತ್ತು ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಅವುಗಳಲ್ಲೂ ಆ ಸೀಟು ಒಂದರಲ್ಲೂ ಇರಲಿಲ್ಲ. ಕೆಳಗಿನ ಪ್ರಶ್ನೋತ್ತರದಲ್ಲಿ ಯಾರೋ ಕೇಳಿದ್ದರು, “ಹಿಂದಿನ ಎಡ ಸೀಟಿನ ಫೋಟೋ ದಯವಿಟ್ಟು ಹಾಕಿ.” ಕಂಪನಿಯ ಉತ್ತರ: “ಹಾಕಿದ್ದೇವೆ, ನೋಡಿ.” ಅದರ ಕೆಳಗೆ ಕೇಳಿದವರದೇ ಮಾತು: “ನೋಡಿದೆ. ಧನ್ಯವಾದ.”

ಶೆಡ್ಡಿಗೆ ಫೋನ್ ಮಾಡಿದೆ. ಕಾವಲುಗಾರ ಎತ್ತಿಕೊಂಡ. ಒಂದು ಉಪಕಾರ ಮಾಡಪ್ಪ, ಆ ಹಸಿರು ಕಾರಿನ ಹಿಂದಿನ ಎಡ ಸೀಟು ಹೇಗಿದೆ ನೋಡಿ ಹೇಳು ಎಂದೆ. ಅವನ ಚಪ್ಪಲಿ ಸಪ್ಪಳ ದೂರ ಹೋಗಿ, ಮತ್ತೆ ಹತ್ತಿರ ಬಂತು.

“ನೋಡ್ದೆ ಸಾರ್. ಎಲ್ಲಾ ಸರಿ ಇದೆ.”

“ಚರ್ಮ ಹರಿದಿದೆಯಾ? ಬಣ್ಣ ಏನು?”

“ಬಣ್ಣ... ಈಗ ತಾನೇ ನೋಡ್ದೆ ಸಾರ್. ಇರಿ, ಇನ್ನೊಂದ್ಸಲ ನೋಡ್ಕೊಂಡ್ ಬರ್ತೀನಿ.” ಸಪ್ಪಳ ಮತ್ತೆ ದೂರ ಹೋಯಿತು. ಮೂರು ನಿಮಿಷ ಕಾದೆ. ಹಿಂತಿರುಗಿ ಬಂದ ಹೆಜ್ಜೆಗಳು ಕೇಳಿಸಿದವು, ಕುರ್ಚಿ ಕಿರುಗುಟ್ಟಿತು, ಅವನು ಏನೋ ಗುನುಗಿಕೊಳ್ಳುವುದು ಕೇಳಿಸಿತು. ಫೋನಿನಲ್ಲಿ ನಾನಿರುವುದನ್ನು ಮರೆತೇಬಿಟ್ಟಿದ್ದ. ಹಲೋ ಹಲೋ ಎಂದು ಕೂಗಿ, ಕೊನೆಗೆ ನಾನೇ ಇಟ್ಟೆ.

ಹನ್ನೊಂದು ಗಂಟೆಯಾಗಿತ್ತು. ಹೋಗಿ ಬರಲು ಸಮಯವಿರಲಿಲ್ಲ. ‘ಪರಿಶೀಲಿಸಿಲ್ಲ’ ಎಂದು ಬರೆಯಬಹುದಿತ್ತು. ಬರೆದರೆ ಭಾವ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಆ ಒಂದು ವಾಕ್ಯ ಮಾತ್ರ. ಇನ್ಸ್‌ಪೆಕ್ಟರ್ ಸಾಹೇಬರಿಗೆ ತಲೆ ಕೆಟ್ಟಿದೆ ಎಂದು ನಗುತ್ತಾರೆ. ನನಗೇ ಆ ಅನುಮಾನ ಬಂದಿತ್ತು. ಹಿಂದಿನ ವಾರವಿಡೀ ನಾಲ್ಕೈದು ಕಾರು ನೋಡಿ ದಣಿದಿದ್ದೆ. ಬಾಯಿ ತಪ್ಪಿ ಏನೋ ಬಂದಿರಬೇಕು. ಕಾವಲುಗಾರ ಸರಿ ಇದೆ ಎಂದನಲ್ಲ. ಆ ಸಾಲನ್ನು ಅಳಿಸಿ, ಎಪ್ಪತ್ತನಾಲ್ಕರ ಮುಂದೆ ‘ಚೆನ್ನಾಗಿದೆ’ ಎಂದು ಟೈಪ್ ಮಾಡಿದೆ. ಕಾಣದ್ದನ್ನು ಕಂಡೆ ಎಂದು ನಾನು ತಿಳಿದೂ ತಿಳಿದೂ ಬರೆದದ್ದು ಅದೊಂದೇ ಪದ.

ಎರಡೂವರೆಗೆ ನಾನೂ ಹೆಂಡತಿಯೂ ಅಕ್ಕನ ಮನೆಯಲ್ಲಿದ್ದೆವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಭಾವ ಪರೀಕ್ಷೆಗೆ ಕೂತವರ ಹಾಗೆ ತೋಳು ಮಡಚಿ ಕೂತಿದ್ದರು. ವರದಿಯ ಹಾಳೆಗಳು ಅಕ್ಕನ ಕೈಯಲ್ಲಿದ್ದವು. ಅವಳು ಮೊದಲಿನಿಂದ ಕೊನೆಯವರೆಗೆ ಓದಿದ್ದಳು. ನನ್ನ ವರದಿಯನ್ನು ಪೂರ್ತಿ ಓದುವವರು ಲೋಕದಲ್ಲಿ ಅವಳೊಬ್ಬಳೇ.

“ಹಿಂದಿನ ಎಡ ಸೀಟು ಚೆನ್ನಾಗಿದೆ ಅಂತ ಬರೆದಿದ್ದೀಯ” ಎಂದಳು. “ಉಳಿದ ಸೀಟಿಗೆಲ್ಲ ಬಿರುಕು, ಹೊಲಿಗೆ, ಒಣಕಲು. ನಾನು ಕೂರೋ ಸೀಟು ಒಂದೇ ಚೆನ್ನಾಗಿರೋದು. ನನ್ನ ಅದೃಷ್ಟ ನೋಡು.”

“ಏನೇ, ನಿನ್ನ ತಮ್ಮ ನಿನಗೋಸ್ಕರ ಲಂಚ ಕೊಟ್ಟು ಸರಿ ಮಾಡಿಸಿರ್ತಾನೆ” ಎಂದರು ಭಾವ.

“ನಿಜ ಹೇಳೋ. ತಗೋಬಹುದಾ?” ಅಕ್ಕ ನನ್ನನ್ನೇ ನೋಡಿದಳು. “ನೀನು ನೋಡಿದೀಯ ಅಂದ್ರೆ ನಾನು ನೋಡಿದ ಹಾಗೆ.”

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಹೆಂಡತಿಯೂ ನನ್ನ ಕಡೆ ನೋಡಿದಳು. ನಾನು “ಹೂಂ” ಎಂದೆ.

ಕೊನೆಯ ಹತ್ತು ನಿಮಿಷದಲ್ಲಿ ‘ಹಳೇಚಕ್ರ’ ಎಂಬ ಹೆಸರಿನ ಒಬ್ಬರು ಬಿಡದೆ ಬೆನ್ನು ಹತ್ತಿದರು. ಭಾವ ಬೆಲೆ ಏರಿಸಿ ಕೂಗಿದರೆ ಅವರೂ ಕೂಗುತ್ತಿದ್ದರು. ಆ ಜಾಲತಾಣದಲ್ಲಿ ಕೊನೆಯ ಎರಡು ನಿಮಿಷದಲ್ಲಿ ಯಾರು ಕೂಗಿದರೂ ಗಡಿಯಾರ ಮತ್ತೆ ಎರಡು ನಿಮಿಷ ಹಿಂದಕ್ಕೆ ಹೋಗುತ್ತದೆ. ಮೂರಕ್ಕೆ ಮುಗಿಯಬೇಕಾದದ್ದು ಮೂರೂಕಾಲಾದರೂ ಮುಗಿಯಲಿಲ್ಲ. “ಯಾರಯ್ಯ ಇವನು, ಊಟ ತಿಂಡಿ ಬಿಟ್ಟು ಕೂತಿದ್ದಾನೆ” ಎಂದು ಭಾವ ಬೆವರು ಒರೆಸಿಕೊಂಡರು. ಆ ಹಳೇಚಕ್ರ ಗೆಲ್ಲಲಿ, ಗೆದ್ದುಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಭಾವ ತಾವು ಹಾಕಿಕೊಂಡಿದ್ದ ಮಿತಿಯ ಕೊನೆಯ ಮೆಟ್ಟಿಲು ಹತ್ತಿದರು. ಗಡಿಯಾರ ಇಳಿಯುತ್ತಾ ಬಂತು. ಆ ಕಡೆಯಿಂದ ಸದ್ದಿಲ್ಲ. ಸೊನ್ನೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಅಭಿನಂದನೆಗಳು’ ಮೂಡಿತು. ಭಾವ ಎದ್ದು ಅಕ್ಕನ ಊರುಗೋಲನ್ನೇ ಎತ್ತಿ ಹಿಡಿದು ಒಂದು ಸುತ್ತು ಕುಣಿದರು.

ನಾಲ್ಕು ದಿನಕ್ಕೆ ಲಾರಿಯ ಮೇಲೆ ಕಾರು ಬಂತು. ಭಾನುವಾರ ಮೊದಲ ಸುತ್ತಾಟ ಎಂದು ನಮ್ಮನ್ನೂ ಕರೆದರು. ನಾವು ಹೋಗುವಷ್ಟರಲ್ಲಿ ಭಾವ ಒಂದು ರಾಶಿ ಹಳೆಬಟ್ಟೆಗಳಿಂದ ಇಡೀ ಕಾರು ಒರೆಸಿ ಮಿರಮಿರ ಮಿಂಚಿಸಿದ್ದರು. ಅಕ್ಕ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದಳು. ಎಡ ಬಾಗಿಲು ಮೆಟ್ಟಿಲಿಗೆ ಎರಡೇ ಹೆಜ್ಜೆ. ಅವಳು ಅದನ್ನು ದಾಟಿ, ಕಾರಿನ ಹಿಂದಿನಿಂದ ಪೂರ್ತಿ ಸುತ್ತಿ, ಬಲಗಡೆಯ ಬಾಗಿಲು ತೆಗೆದು ಕೂತಳು. ಮಡಚದ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಬಾಗಿಲಿಗೂ ಸೀಟಿಗೂ ನಡುವಿನ ಇಕ್ಕಟ್ಟಿನಲ್ಲಿ ತುರುಕಿಕೊಂಡಳು.

“ಅಕ್ಕ, ಎಡಗಡೆ ಕೂತ್ಕೋ. ಕಾಲು ಚಾಚಬಹುದು.”

“ಇರಲಿ ಬಿಡೋ. ಇಲ್ಲೇ ಸರಿ.”

“ಕಾರು ತಂದದ್ದೇ ಅದಕ್ಕಲ್ವಾ?”

“ಇಲ್ಲೇ ಸರಿ ಅನ್ಸುತ್ತೆ ಕಣೋ” ಎಂದಳು, ನಾನು ಏನೋ ಸಭ್ಯತೆ ಮೀರಿದ್ದನ್ನು ಕೇಳಿದವನ ಹಾಗೆ ಸ್ವಲ್ಪ ಮುಜುಗರದಿಂದ.

ನನ್ನ ಹೆಂಡತಿ ಎಡ ಬಾಗಿಲ ಹತ್ತಿರ ನಿಂತಿದ್ದವಳು, ಅವಳೂ ಸುತ್ತಿ ಬಂದು, ಅಕ್ಕನನ್ನು ದಾಟಿಕೊಂಡು ಮಧ್ಯದಲ್ಲಿ ಕೂತಳು. ನಾನು ಭಾವನ ಪಕ್ಕದಲ್ಲಿ ಕೂತೆ. ಕಾರು ನೀರಿನ ಮೇಲೆ ಹೋದ ಹಾಗೆ ಹೋಯಿತು. ಭಾವ ಪ್ರತಿ ತಿರುವಿನಲ್ಲೂ “ನೋಡಿದ್ಯಾ? ನೋಡಿದ್ಯಾ?” ಎನ್ನುತ್ತಿದ್ದರು. ಹದಿನೈದು ನಿಮಿಷದ ಮೇಲೆ ನಾನು ಹಿಂದಿರುಗಿ ನೋಡಿದೆ. ಹೆಂಡತಿ ಅಕ್ಕನ ಭುಜಕ್ಕೆ ಭುಜ ಒತ್ತಿ, ಮೊಣಕಾಲು ಜೋಡಿಸಿ, ಕೈಚೀಲವನ್ನು ಮಡಿಲಲ್ಲಿ ಹಿಡಿದು ಮುದುಡಿ ಕೂತಿದ್ದಳು.

“ಯಾಕೆ ಹಾಗೆ ಇಕ್ಕಟ್ಟಾಗಿ ಕೂತಿದ್ದೀರಿ?” ಎಂದು ಕೇಳಿದೆ.

“ಹಿಂದೆ ಮೂರು ಜನ ಅಂದ್ರೆ ಇನ್ನೇನು ಮಲಗಿಕೊಂಡು ಹೋಗೋಕಾಗುತ್ತಾ?” ಎಂದಳು ಹೆಂಡತಿ.

ಅಕ್ಕ ಸರಿಯಾಗಿ ಹೇಳಿದೆ ಎಂಬಂತೆ ತಲೆಯಾಡಿಸಿದಳು. ಭಾವನೂ ನಕ್ಕರು. ಮೂರು ಜನ ಎಂದದ್ದು ಅವಳ ಗಮನಕ್ಕೇ ಬಂದಿರಲಿಲ್ಲ, ಉಳಿದಿಬ್ಬರ ಗಮನಕ್ಕೂ ಬಂದಿರಲಿಲ್ಲ. ನಾನು ಮುಂದಕ್ಕೆ ತಿರುಗಿ ರಸ್ತೆ ನೋಡಿದೆ. ಹಿಂದಕ್ಕೆ ತಿರುಗಿದ್ದ ಆ ಕ್ಷಣದಲ್ಲಿ ನನ್ನ ಕಣ್ಣು ಹೆಂಡತಿಯ ಕೈಚೀಲದ ಆಚೆಗೆ ಹೋಗಲೇ ಇಲ್ಲ ಎಂಬುದು ಆಗ ಹೊಳೆಯಿತು. ಹೋಗದಂತೆ ಯಾರೂ ತಡೆದಿರಲಿಲ್ಲ. ಗುರುತಿಲ್ಲದವರನ್ನು ದಿಟ್ಟಿಸಬಾರದೆಂದು ಕಣ್ಣು ತಾನಾಗಿ ಹಿಂದೆ ಸರಿಯುತ್ತದಲ್ಲ, ಹಾಗೆ ಸರಿದಿತ್ತು.

ಮನೆಗೆ ಬಂದಮೇಲೆ ಭಾವನನ್ನು ಬೇರೆ ಕರೆದು ಕೇಳಿದೆ, ಹಿಂದಿನ ಎಡ ಸೀಟನ್ನೂ ಒರೆಸಿದಿರಾ ಎಂದು. “ಒರೆಸಿದೆ” ಎಂದರು. ಆಮೇಲೆ “ಒರೆಸಿರಬೇಕು” ಎಂದರು. ಆಮೇಲೆ ಸ್ವಲ್ಪ ಸಿಟ್ಟಿನಿಂದ, “ನೀನೇನು ಇಲ್ಲೂ ಇನ್ಸ್‌ಪೆಕ್ಷನ್ ಮಾಡ್ತೀಯಾ?” ಎಂದರು.

ಮುಂದಿನ ಮೂರು ವಾರದಲ್ಲಿ ನಾನು ಏನೇನೋ ನೆಪ ಹೇಳಿ ನಾಲ್ಕು ಸಲ ಅವರ ಮನೆಗೆ ಹೋದೆ. ಪ್ರತಿ ಸಲವೂ ಹಾಡುಹಗಲು, ಕಾರು ಮನೆಯ ಮುಂದೆ ಬಿಸಿಲಿನಲ್ಲಿ ನಿಂತಿರುತ್ತಿತ್ತು. ಪ್ರತಿ ಸಲವೂ ರೆಕಾರ್ಡರ್ ಹಾಕಿಕೊಂಡು, ಎಪ್ಪತ್ತನಾಲ್ಕನೇ ಅಂಶವನ್ನು ಈಗಲಾದರೂ ನೋಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಎಡ ಬಾಗಿಲು ತೆಗೆಯುತ್ತಿದ್ದೆ. ಬಾಗಿಲ ಹಿಡಿ ಬಿಸಿಯಾಗಿ ಅಂಗೈಗೆ ತಾಗಿದ್ದು ಗೊತ್ತು. ಒಳಗಿನ ಹಳೆಯ ಚರ್ಮದ ವಾಸನೆ ಗೊತ್ತು. ಅದಾದ ಮೇಲೆ ಗೊತ್ತಿರುವುದು ಇಷ್ಟೇ, ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚುತ್ತಾ ನಿಂತಿರುತ್ತಿದ್ದೆ. ನೋಡಿದೆ ಎಂಬ ನೆಮ್ಮದಿ ಮನಸ್ಸಿನಲ್ಲಿರುತ್ತಿತ್ತು. ಏನು ನೋಡಿದೆ ಎಂದು ಕೇಳಿಕೊಂಡರೆ ಉತ್ತರವಿರುತ್ತಿರಲಿಲ್ಲ. ರೆಕಾರ್ಡಿನಲ್ಲಿ ನಾಲ್ಕು ಸಲವೂ ನನ್ನ ಧ್ವನಿ ‘ಒಬ್ಬರು ಕೂತಿದ್ದಾರೆ’ ಎಂಬ ಒಂದೇ ಮಾತು ಹೇಳಿತ್ತು. ನಾಲ್ಕನೆಯ ಸಲ ಕೊನೆಯಲ್ಲಿ, ಇನ್ನೂ ಸ್ವಲ್ಪ ತಗ್ಗಿದ ದನಿಯಲ್ಲಿ, “ತೊಂದರೆ ಕೊಟ್ಟೆ” ಎಂದಿತ್ತು.

ಈ ನಡುವೆ ಅಕ್ಕನ ಕಾಲು ಕೆಟ್ಟಿತು. ಬಾಗಿಲಿಗೆ ಒತ್ತಿ ಒತ್ತಿ ಮೊಣಕಾಲು ಊದಿಕೊಂಡಿತು. ವ್ಯಾಯಾಮ ಮಾಡಿಸುವಾಕೆ ಅಳತೆ ತೆಗೆದು, ಹಿಂದಿನ ತಿಂಗಳಿಗಿಂತ ಕಡಿಮೆ ಮಡಚುತ್ತಿದೆ ಎಂದಳಂತೆ. ದೊಡ್ಡ ಕಾರು ತಂದಮೇಲೆ ಹೀಗೆ ಯಾಕೆ ಎಂದು ವೈದ್ಯರಿಗೂ ಅರ್ಥವಾಗಲಿಲ್ಲ. ಭಾವ ಹಾಸಿಗೆ ಬದಲಾಯಿಸಿದರು, ಚಪ್ಪಲಿ ಬದಲಾಯಿಸಿದರು. ಬಲಗಡೆ ಕೂರಬೇಡ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಸರಿ ಎನ್ನುತ್ತಿದ್ದಳು. ಆಮೇಲೆ ಸುತ್ತಿ ಹೋಗಿ ಬಲಗಡೆಯೇ ಕೂರುತ್ತಿದ್ದಳು.

ಆರು ತಿಂಗಳಲ್ಲಿ ಎರಡೂವರೆ ಉಳಿದಿದ್ದವು. ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ರೆಕಾರ್ಡು ಕೇಳಿಸಿದೆ. ಕಾವಲುಗಾರನ ಫೋನು, ಇಲ್ಲದ ಫೋಟೋ, ಮೂರು ಜನ ಎಂದ ಹೆಂಡತಿಯ ಮಾತು, ಎಲ್ಲ. ಅವಳು ಹೆದರುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

“ಅಂದ್ರೆ, ನೋಡದೆ ‘ಚೆನ್ನಾಗಿದೆ’ ಅಂತ ಬರೆದೆಯಾ?” ಎಂದಳು.

“ಹೌದು.”

“ನಾನು ಕೇಳಿದಾಗ್ಲೂ ಹೂಂ ಅಂದೆ.”

“ಹೌದು ಅಕ್ಕ.”

ಅವಳು ಕಿಟಕಿಯ ಕಡೆ ತಿರುಗಿದಳು. ಚಿಕ್ಕವನಾಗಿದ್ದಾಗ ನಾನು ಸುಳ್ಳು ಹೇಳಿದರೆ ಅವಳ ಕಣ್ಣು ತುಂಬುತ್ತಿತ್ತೇ ಹೊರತು ಹೊಡೆಯುತ್ತಿರಲಿಲ್ಲ. ಈಗಲೂ ಹಾಗೇ ಆಯಿತು. ನಾನು ನೆಲ ನೋಡಿದೆ.

“ನಿನ್ನನ್ನು ಆಮೇಲೆ ವಿಚಾರಿಸ್ಕೋತೀನಿ” ಎಂದು ಕೋಲು ತೆಗೆದುಕೊಂಡಳು. “ಬಾ. ಯಾರು ಅಂತ ನೋಡೋಣ.”

“ಬೇಡ ಅಕ್ಕ. ಭಾವ ಬರಲಿ.”

“ಅವರು ಬಂದ್ರೆ ಮೊದಲು ಕಾರು ಒರೆಸ್ತಾರೆ. ಬಾರೋ.”

ಬಿಸಿಲು ಚೆನ್ನಾಗಿ ಬಿದ್ದಿತ್ತು. ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಅಕ್ಕ ಕಾರಿನ ಎಡ ಬಾಗಿಲ ಮುಂದೆ ನಿಂತಳು. ಅವಳ ಕಾಲು ತಾನಾಗಿ ಹಿಂದಿನ ಕಡೆಗೆ ಸುತ್ತಿ ಹೋಗಲು ತಿರುಗಿದ್ದನ್ನು ನಾನು ಕಂಡೆ. ಅವಳೂ ಕಂಡಳು. ಕೋಲನ್ನು ನೆಲಕ್ಕೆ ಒತ್ತಿ ಕಾಲನ್ನು ನಿಲ್ಲಿಸಿದಳು. ಬಾಗಿಲು ತೆಗೆದಳು. ನಾನು ಅವಳ ಹಿಂದೆ ಒಂದು ಹೆಜ್ಜೆ ದೂರದಲ್ಲಿದ್ದೆ.

“ನೋಡಿ” ಎಂದಳು ಅಕ್ಕ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರ ಜೊತೆ ಮಾತಾಡುವ ಹಾಗೆ. “ನನಗೆ ಕಾಲು ನೋವು. ಈ ಕಡೆ ಕೂತರೆ ಮಾತ್ರ ಚಾಚೋಕಾಗುತ್ತೆ. ನೀವು ಮೊದಲಿಂದ ಇದ್ದೀರ, ಗೊತ್ತು. ಸ್ವಲ್ಪ ಆ ಕಡೆ ಸರೀತೀರಾ?”

ಯಾವ ಸದ್ದೂ ಆಗಲಿಲ್ಲ. ಅಕ್ಕ ಕಾದಳು. ಎದ್ದು ಸರಿಯುವವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಕಾರು ಒಂದಿಷ್ಟು, ಒಂದು ಬೆರಳಿನಷ್ಟು, ಬಲಗಡೆಗೆ ವಾಲಿತು. ಹಳೆಯ ಸ್ಪ್ರಿಂಗು, ಬಾಗಿಲು ತೆಗೆದರೂ ವಾಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಾಗಿಲು ತೆಗೆದು ಆಗಲೇ ಒಂದು ನಿಮಿಷವಾಗಿತ್ತು.

ಅಕ್ಕ ಬೆನ್ನು ಒಳಗೆ ಹಾಕಿ ಕೂತು, ಕಾಲುಗಳನ್ನು ಒಂದೊಂದಾಗಿ ಎಳೆದುಕೊಂಡು, ಬಲಗಾಲನ್ನು ಮಧ್ಯದ ಕಡೆಗೆ ಉದ್ದಕ್ಕೆ ಚಾಚಿದಳು. ಪೂರ್ತಿ ಅಲ್ಲ. ಬಲಗಡೆ ಕೂತವರ ಪಾದಕ್ಕೆ ತಾಗದಷ್ಟು ಜಾಗ ಬಿಟ್ಟು. “ಅಮ್ಮಾ” ಎಂದು ಉಸಿರು ಬಿಟ್ಟಳು, ಎಷ್ಟೋ ತಿಂಗಳ ಮೇಲೆ.

ನನಗೆ ಆಗ ಆ ಸೀಟು ಕಂಡಿತು. ಕಂದು ಬಣ್ಣ. ಚರ್ಮ ಸವೆದು ನುಣುಪಾಗಿದೆ, ಹರಿದಿಲ್ಲ. ಸೀಟಿನಲ್ಲಿ ಒಬ್ಬರು ತುಂಬ ವರ್ಷ ಕೂತರೆ ಆಗುವಂಥ ತಗ್ಗು ಇದೆ. ಅಕ್ಕ ಅದರೊಳಗೆ ಕೂತಿದ್ದಳು, ಅವಳಿಗೆ ಅದು ಸ್ವಲ್ಪ ದೊಡ್ಡದಾಗಿತ್ತು.

“ಈಗ ಸರಿಯಾಯ್ತು” ಎಂದಳು. ಬಲಗಡೆಗೆ ತಿರುಗಿ, “ಉಪಕಾರವಾಯ್ತು” ಎಂದಳು. ನಾನೂ ಆ ಕಡೆ ನೋಡಬೇಕೆಂದುಕೊಂಡೆ. ನೋಡಿದೆ ಎಂದೇ ಅನ್ನಿಸುತ್ತದೆ. ಅಲ್ಲಿಯ ಹೊಲಿಗೆ ಎರಡು ಕಡೆ ಬಿಟ್ಟಿರುವುದು ಫೋಟೋದಲ್ಲಿದೆ. ಅವತ್ತು ಅದು ಹೇಗಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಅದೇ ಮಧ್ಯಾಹ್ನ ಭಾವನ ಮುಂದೆಯೂ ಎಲ್ಲ ಹೇಳಿ, ಕಾರು ಮಾರಿಬಿಡೋಣ, ನಷ್ಟವಾದರೆ ನಾನು ತುಂಬಿಕೊಡುತ್ತೇನೆ ಎಂದೆ. ಭಾವ ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಅಕ್ಕ ಒಪ್ಪಲಿಲ್ಲ. “ಮಾರಿದ್ರೆ ಇನ್ಯಾರದೋ ಮನೇಲಿ ಇನ್ಯಾರೋ ಕಾಲು ಮುದುರಿಕೊಂಡು ಕೂತಿರ್ತಾರೆ. ಕೇಳಿದ್ರೆ ಸರೀತಾರಲ್ಲ, ಸಾಕು. ಪಾಪ, ಅವರಿಗೂ ಎಲ್ಲೋ ಹೋಗಬೇಕಾಗಿರಬಹುದು.” ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ವರದಿ ಮಾತ್ರ ತಿದ್ದಿ ಬರೆದುಕೊಡು. ಕಂಡದ್ದನ್ನು ಕಂಡ ಹಾಗೆ” ಎಂದಳು. ಬರೆದುಕೊಟ್ಟೆ. ಅವಳು ಅದನ್ನು ಓದಿ, ಮಡಚಿ ಇಟ್ಟುಕೊಂಡಳು. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಎಂದು ಕೇಳಲು ಧೈರ್ಯವಾಗಲಿಲ್ಲ. ಮೊದಲಿನ ಹಾಗೆ ‘ನೀನು ನೋಡಿದೀಯ ಅಂದ್ರೆ ನಾನು ನೋಡಿದ ಹಾಗೆ’ ಎಂಬ ಮಾತನ್ನು ಅವಳು ಮತ್ತೆ ಆಡಿಲ್ಲ.

ಅಕ್ಕನ ಕಾಲು ಈಗ ಮಡಚುತ್ತಿದೆ. ಹೋದ ತಿಂಗಳು ಮನೆಯೊಳಗೆ ಕೋಲು ಬಿಟ್ಟಳು. ವಾರಕ್ಕೆರಡು ಸಲ ಹಿಂದಿನ ಎಡ ಸೀಟಿನಲ್ಲಿ ಕಾಲು ಚಾಚಿಕೊಂಡು ಹೋಗಿ ಬರುತ್ತಾಳೆ. ಹೋಗುವಾಗ ಮಾತಾಡುತ್ತಿರುತ್ತಾಳೆ ಎನ್ನುತ್ತಾರೆ ಭಾವ. ತಮ್ಮೊಡನೆಯೇ ಮಾತಾಡುತ್ತಾಳೆ ಎಂದು ಅವರು ತಿಳಿದಿದ್ದಾರೆ.

ಅವರು ಯಾರು, ಯಾವಾಗಿನಿಂದ ಅಲ್ಲಿದ್ದಾರೆ, ಎಲ್ಲಿಗೆ ಹೋಗಬೇಕೆಂದು ಕೂತಿದ್ದಾರೆ, ನನಗೆ ಗೊತ್ತಿಲ್ಲ. ಹಿಂದಿನ ಮಾಲೀಕರನ್ನು ಹುಡುಕಿದೆ, ಕಂಪನಿ ಹೆಸರು ಕೊಡಲಿಲ್ಲ. ಅಕ್ಕನ ಕಾಲು ಸರಿಹೋದದ್ದು ಸೀಟು ಬದಲಾಯಿಸಿದ್ದರಿಂದಲೋ, ಬೇರೆ ಯಾವುದರಿಂದಲೋ, ಅದೂ ಗೊತ್ತಿಲ್ಲ. ಶೆಡ್ಡಿನಲ್ಲಿ ಆ ಮಂಗಳವಾರ ನಾನು ಕಂಡದ್ದು ಏನು ಎಂಬುದು ನನಗೆ ಇವತ್ತಿಗೂ ನೆನಪಿಲ್ಲ. ಹೇಳಿದ್ದು ಮಾತ್ರ ನನ್ನದೇ ಧ್ವನಿ.